ಚೆನ್ನಾಗಿರುವ ಸಿಲ್ವರ್ ಫಿಲ್ಲಿಂಗ್ ತೆಗೆಸುವ ಮುಂಚೆ ಇದನ್ನು ಓದಿ

ಅಮ್ಮನ ದವಡೆ ಹಲ್ಲಿನಲ್ಲಿ ಹಳೇ ಸಿಲ್ವರ್ ಫಿಲ್ಲಿಂಗ್ ಇತ್ತು. ನೋವಿಲ್ಲ, ಬಿರುಕಿಲ್ಲ. ಹಲ್ಲು ಕ್ಲೀನ್ ಮಾಡಿಸಲು ಹೋದಾಗ ಕ್ಲಿನಿಕ್‌ನವರು ಹೆದರಿಸಿದರು. "ಇದರಲ್ಲಿ ಪಾದರಸ ಇದೆ ಅಮ್ಮಾ, ಯುರೋಪ್‌ನಲ್ಲಿ ಬ್ಯಾನ್ ಆಗಿದೆ, ಇವತ್ತೇ ತೆಗೆಸಿಬಿಡಿ."

ಅರ್ಧ ಮಾತು ನಿಜ. ಸಿಲ್ವರ್ ಫಿಲ್ಲಿಂಗ್‌ನ ತೂಕದಲ್ಲಿ ಸುಮಾರು ಅರ್ಧ ಪಾದರಸವೇ. ಉಳಿದದ್ದು ಮುಖ್ಯವಾಗಿ ಬೆಳ್ಳಿ, ತವರ, ತಾಮ್ರ. ಯುರೋಪ್ ಒಕ್ಕೂಟದಲ್ಲಿ 2025ರ ಜನವರಿಯಿಂದ, ತೀರಾ ಅಗತ್ಯವಿದ್ದರೆ ಬಿಟ್ಟು, ಹೊಸದಾಗಿ ಹಾಕುವಂತಿಲ್ಲ. ಬಾಯಲ್ಲಿ ಗಟ್ಟಿಯಾಗಿ ಕೂತಿರುವುದನ್ನು ಕೀಳಿಸಿ ಅಂತ ಆ ನಿಯಮ ಎಲ್ಲೂ ಹೇಳಿಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಕೂಡ 2020ರಲ್ಲಿ ಗರ್ಭಿಣಿಯರು, ಚಿಕ್ಕ ಮಕ್ಕಳು, ಕಿಡ್ನಿ ತೊಂದರೆ ಇರುವವರಿಗೆ ಇದು ಬೇಡ ಅಂದಿತು. ಜೊತೆಗೇ, ಚೆನ್ನಾಗಿರುವ ಹಳೆಯದನ್ನು ಸುಮ್ನೆ ತೆಗೆಸಬೇಡಿ ಅಂತಲೂ ಹೇಳಿತು. ಕೊರೆದು ತೆಗೆಯುವಾಗ ಪಾದರಸದ ಆವಿ ಜಾಸ್ತಿ ಬರುತ್ತದೆ. ಒಳ್ಳೇ ಹಲ್ಲೂ ಒಂದಿಷ್ಟು ಹೋಗುತ್ತದೆ. ಇದನ್ನು ಅಮ್ಮನಿಗೆ ಯಾರೂ ಹೇಳಲಿಲ್ಲ.

ಅವತ್ತೇ ಕೊರೆದು ಬಿಳಿ ಫಿಲ್ಲಿಂಗ್ ತುಂಬಿದರು. ದುಡ್ಡು ತೆಗೆದುಕೊಂಡಿದ್ದು ಕಾಂಪೋಸಿಟ್‌ನ (ಲೈಟ್ ಹಿಡಿದು ಗಟ್ಟಿ ಮಾಡುವ ರಾಳದ ಫಿಲ್ಲಿಂಗ್) ಲೆಕ್ಕದಲ್ಲಿ. ಬಿಲ್‌ನಲ್ಲಿ ಇದ್ದದ್ದು ಬರೀ "ಟೂತ್ ಕಲರ್ ಫಿಲ್ಲಿಂಗ್". ವರ್ಷ ತುಂಬುವ ಮುಂಚೆಯೇ ಅಂಚು ಒಡೆಯಿತು. ಊಟದ ಚೂರು ಸಿಕ್ಕಿಕೊಳ್ಳತೊಡಗಿತು, ತಣ್ಣೀರು ಕುಡಿದರೆ ಹಲ್ಲು ಜುಮ್ ಅನ್ನುತ್ತಿತ್ತು. ಬೇರೆ ಡಾಕ್ಟರ್ ನೋಡಿ, ಇದು ಕಾಂಪೋಸಿಟ್ ಅಲ್ಲವೇ ಅಲ್ಲ, ಜಿಐಸಿ, ಅಂದರೆ ಗ್ಲಾಸ್ ಅಯೊನೊಮರ್ ಅನ್ನುವ ಹಲ್ಲಿನ ಸಿಮೆಂಟ್ ಅಂದರು. ಅಡಿಯಲ್ಲಿ ಹುಳುಕು ನರದವರೆಗೆ ಇಳಿದಿತ್ತು. ರೂಟ್ ಕೆನಾಲ್ ಆಯಿತು, ಮೇಲೊಂದು ಕ್ಯಾಪ್ ಕೂಡ.

ಜಿಐಸಿ ಕೆಟ್ಟದ್ದೇನಲ್ಲ. ಹಲ್ಲಿಗೆ ತಾನೇ ಅಂಟಿಕೊಳ್ಳುತ್ತದೆ, ಫ್ಲೋರೈಡ್ ಬಿಡುತ್ತದೆ. ಮಕ್ಕಳ ಹಾಲುಹಲ್ಲಿಗೆ, ವಸಡಿನ ಪಕ್ಕದ ಸವೆತಕ್ಕೆ ಸರಿ. ದವಡೆ ಹಲ್ಲಿನ ದೊಡ್ಡ ಗುಳಿಯಲ್ಲಿ ತುಂಬಿದರೆ ಅಗಿಯುವ ಒತ್ತಡ ತಡೆಯುವುದು ಕಷ್ಟ. ಅಲ್ಲಿಗೆ ಕಾಂಪೋಸಿಟ್ ವಾಸಿ, ಆದರೆ ಅದು ಪುರುಸೊತ್ತಿನ ಕೆಲಸ. ಎಂಜಲು ತಾಗದಂತೆ ಹಲ್ಲಿನ ಸುತ್ತ ರಬ್ಬರ್ ಹಾಳೆ ಕಟ್ಟಿದರೆ ಒಳ್ಳೇದು. ಆಸಿಡ್ ಜೆಲ್ ಹಚ್ಚಿ ತೊಳೆದು, ಬಾಂಡ್ ಅನ್ನುವ ಅಂಟು ಹಚ್ಚಿ, ಸಾಮಾನ್ಯವಾಗಿ 2 ಮಿಲಿಮೀಟರ್ ಪದರಗಳಲ್ಲಿ ತುಂಬಿ, ಪ್ರತಿ ಪದರಕ್ಕೂ ನೀಲಿ ಲೈಟ್ ಹಿಡಿಯಬೇಕು. ಅಮ್ಮನಿಗೆ ಲೈಟ್ ಹಿಡಿದೇ ಇಲ್ಲವಂತೆ!

ಆ ಕ್ಲಿನಿಕ್‌ಗೆ ಹೋಗಿ ಕೇಳಿದೆ. "ಎರಡೂ ಬಿಳಿಯೇ ಅಲ್ವಾ ಸಾರ್?" ಅಂದರು. ದುಡ್ಡು ವಾಪಸ್ ಬರಲಿಲ್ಲ.

ಹಳೇದನ್ನು ತೆಗೆಯಬೇಕು ಅಂತ ಡಾಕ್ಟರ್ ಅಂದರೆ, ಬಿರುಕು ಎಲ್ಲಿದೆ, ಹುಳುಕು ಎಲ್ಲಿದೆ ಅಂತ ಕನ್ನಡಿಯಲ್ಲೋ ಎಕ್ಸ್‌ರೇಯಲ್ಲೋ ತೋರಿಸಲು ಹೇಳಿ. ಹೊಸದು ಜಿಐಸಿಯೋ ಕಾಂಪೋಸಿಟೋ ಅಂತ ಕುರ್ಚಿಯಲ್ಲಿ ಕೂರುವ ಮುಂಚೆಯೇ ಕೇಳಿ, ಬಿಲ್‌ನಲ್ಲಿ ಅದೇ ಹೆಸರು ಬರೆಸಿ.