ಸ್ವಯಂಸೇವಕರ ಅಧ್ಯಯನ: ದಾಖಲೆಯೋ, ಸಮೀಕ್ಷೆಯೋ, ಪ್ರಯೋಗವೋ?

ಆನ್‌ಲೈನ್ ಸಮುದಾಯಗಳ ಸ್ವಯಂಸೇವಕರನ್ನು ಅಧ್ಯಯನ ಮಾಡಲು ಮೂರು ದಾರಿಗಳಿವೆ: ಅವರ ಕೆಲಸದ ದಾಖಲೆ ಓದುವುದು, ಸಮೀಕ್ಷೆ ನಡೆಸುವುದು, ಪ್ರಯೋಗ ಮಾಡುವುದು.

ಅವರ ಸಮಯದ ಲೆಕ್ಕದಲ್ಲಿ ದಾಖಲೆಯೇ ಹಗುರ: ವಿಕಿಪೀಡಿಯದ ಸಂಪಾದನಾ ಇತಿಹಾಸ ಓದಿದರೆ ಯಾರ ಕೆಲಸವೂ ಕೆಡುವುದಿಲ್ಲ. ಸಮೀಕ್ಷೆ ಬಿಡುವನ್ನು ಕೇಳಿ ಪಡೆಯುತ್ತದೆ; ಗುಟ್ಟಿನ ಪ್ರಯೋಗ ಕೇಳದೆಯೇ ಕಸಿಯುತ್ತದೆ. ಮಿನ್ನೆಸೋಟ ವಿಶ್ವವಿದ್ಯಾಲಯದ ಸಂಶೋಧಕರು ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯ ತಿರುಳಾದ ಕರ್ನಲ್‌ಗೆ ಬೇಕೆಂದೇ ದೋಷಪೂರಿತ ಪ್ಯಾಚ್‌ಗಳನ್ನು (ಕೋಡ್ ತಿದ್ದುಪಡಿಗಳನ್ನು) ಕಳುಹಿಸಿದ್ದರು. 2021ರಲ್ಲಿ ಇಡೀ ವಿಶ್ವವಿದ್ಯಾಲಯದ ಕೊಡುಗೆಗಳಿಗೇ ನಿಷೇಧ ಬಿತ್ತು. ಹಳೆಯ ಪ್ಯಾಚ್‌ಗಳನ್ನು ಮತ್ತೆ ಪರಿಶೀಲಿಸುವ ಹೊರೆ ಮಾತ್ರ ಕರ್ನಲ್‌ನ ನಿರ್ವಾಹಕರದ್ದೇ ಆಯಿತು!

ಗೋಪ್ಯತೆಯಲ್ಲಿ ದಾಖಲೆಯೂ ಅಷ್ಟು ಮುಗ್ಧವಲ್ಲ. ಉದ್ಧರಿಸಿದ ಒಂದೇ ವಾಕ್ಯವನ್ನು ಹುಡುಕಿದರೆ ಬರೆದವರು ಸಿಕ್ಕಿಬಿಡಬಹುದು. ಸಮೀಕ್ಷೆಯಲ್ಲಿ ಹೆಸರನ್ನೇ ಕೇಳದಿರಬಹುದು.

‘ಎಷ್ಟು, ಯಾವಾಗ’ ತಿಳಿಯಲು ದಾಖಲೆ ಸಾಕು. ‘ಏಕೆ’ ಎಂಬುದಕ್ಕೆ ಸಮೀಕ್ಷೆಯೇ ಬೇಕು, ಚಿಕ್ಕದಾಗಿರಲಿ. ಪ್ರಯೋಗ ಅನಿವಾರ್ಯವಾದರೆ ಸಂಶೋಧನೆಯ ನೈತಿಕತೆ ಪರಿಶೀಲಿಸುವ ಸಮಿತಿಯ ಒಪ್ಪಿಗೆಯ ಜೊತೆಗೆ ಸಮುದಾಯದ ಒಪ್ಪಿಗೆಯನ್ನೂ ಮೊದಲೇ ಪಡೆಯಿರಿ.