ಬೀದರ್ ಚಳಿ, ಕಲಬುರಗಿ ಬಿಸಿಲು: ಎರಡು ಎಲೆಕ್ಟ್ರಿಕ್ ಕಾರು ಓಡಿಸಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಲಿಕ್ವಿಡ್ ಕೂಲಿಂಗ್ ಇರುವ ಬ್ಯಾಟರಿಗೆ. ಕಲಬುರಗಿ, ಬೀದರ್, ಯಾದಗಿರಿ ಕಡೆಯವರು ಎಲೆಕ್ಟ್ರಿಕ್ ಕಾರು ನೋಡುತ್ತಿದ್ದರೆ ರೇಂಜ್ ಎಷ್ಟು, ಸ್ಕ್ರೀನ್ ಎಷ್ಟು ಇಂಚು ಅಂತ ಕೇಳುವ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ. ಬ್ಯಾಟರಿ ಬಿಸಿಯಾದರೆ ಅದನ್ನು ತಂಪು ಮಾಡೋದು ಯಾವುದು? ಒಳಗೆ ಕೂಲೆಂಟ್, ಅಂದರೆ ತಂಪು ಮಾಡುವ ದ್ರವ ಹರಿಯುತ್ತಾ, ಇಲ್ಲಾ ಹೊರಗಿನ ಗಾಳಿಯೇ ಗತಿಯಾ?

ನಮ್ಮ ಮನೆ ಬೀದರ್‌ನಲ್ಲಿ, ಅಕ್ಕನ ಮನೆ ಕಲಬುರಗಿಯಲ್ಲಿ. ಕೆಲಸದ ಮೇಲೆ ನಾನು ಹುಮನಾಬಾದ್, ಕಮಲಾಪುರ ಹಾದು ಕಲಬುರಗಿಗೆ ಹೋಗಿ ಬರುವುದು ಮಾಮೂಲು. ಒಂದು ಕಡೆಗೆ 110ರಿಂದ 120 ಕಿಲೋಮೀಟರ್. ನನ್ನ ಕಾರಿನಲ್ಲಿ ಬ್ಯಾಟರಿ ಸುತ್ತ ಕೂಲೆಂಟ್ ಹರಿಯುತ್ತದೆ. ಭಾವನ ಕಾರಿನಲ್ಲಿ ಅದಿಲ್ಲ, ಬರೀ ಗಾಳಿ. ಆದರೆ ಅವರದಕ್ಕೆ ಬ್ಯಾಟರಿ ದೊಡ್ಡದು, ಬ್ರೋಷರ್‌ನಲ್ಲಿ ರೇಂಜ್ ಜಾಸ್ತಿ, ಬೆಲೆ ನನ್ನದಕ್ಕಿಂತ ಸ್ವಲ್ಪ ಕಡಿಮೆ. ಕಾಗದದ ಮೇಲೆ ನೋಡಿದರೆ ಯಾರಾದರೂ ಅದನ್ನೇ ತಗೊಳ್ಳುತ್ತಾರೆ. ಒಂದು ಚಳಿಗಾಲ, ಒಂದು ಬೇಸಿಗೆ ನಾವು ಎರಡನ್ನೂ ಅದಲುಬದಲು ಮಾಡಿಕೊಂಡು ಓಡಿಸಿದೆವು. ಎರಡರಲ್ಲೂ ಇರೋದು ಎಲ್‌ಎಫ್‌ಪಿ ಬ್ಯಾಟರಿಯೇ, ಅಂದರೆ ಲಿಥಿಯಂ ಐರನ್ ಫಾಸ್ಫೇಟ್. ಕಂಪನಿಗಳ ಹೆಸರು ಬರೆಯುವುದಿಲ್ಲ. ಇದೇ ರೀತಿ ತಂಪು ಮಾಡುವ ಯಾವ ಕಾರಿಗಾದರೂ ಈ ಮಾತು ಹೊಂದುತ್ತದೆ.

ಚಳಿಯ ವಿಷಯ ಮೊದಲು ಮುಗಿಸುತ್ತೇನೆ, ಯಾಕೆಂದರೆ ಅಲ್ಲಿ ಎರಡಕ್ಕೂ ದೊಡ್ಡ ವ್ಯತ್ಯಾಸ ಸಿಗಲಿಲ್ಲ. ಬೀದರ್ ಎತ್ತರದ ಊರು, ಕಲಬುರಗಿ ಅದಕ್ಕಿಂತ ಸುಮಾರು 200 ಮೀಟರ್ ತಗ್ಗಿನಲ್ಲಿದೆ. ಡಿಸೆಂಬರ್, ಜನವರಿಯಲ್ಲಿ ಬೆಳಗಿನ ಜಾವ ಇಲ್ಲಿ 10 ಡಿಗ್ರಿಗಿಂತ ಕೆಳಗೆ ಇಳಿಯುವುದು ಹೊಸದಲ್ಲ. ಅಂಥ ಬೆಳಿಗ್ಗೆ ಗಾಡಿ ತೆಗೆದರೆ ಎರಡರಲ್ಲೂ ರೀಜೆನ್ ಮಂಕು. ಕಾಲು ತೆಗೆದ ತಕ್ಷಣ ಕಾರು ತಾನೇ ನಿಧಾನವಾಗಿ ಬ್ಯಾಟರಿಗೆ ಕರೆಂಟ್ ವಾಪಸ್ ಕಳಿಸುತ್ತದಲ್ಲ, ಅದು. ಬ್ಯಾಟರಿ ತಣ್ಣಗಿದ್ದು ಪೂರ್ತಿ ತುಂಬಿದ್ದರೆ ಆ ಕರೆಂಟ್ ತಗೊಳ್ಳುವುದಿಲ್ಲ. ಹಾಗಾಗಿ ಮೊದಲ ಕೆಲವು ಕಿಲೋಮೀಟರ್ ಬ್ರೇಕ್ ಮೇಲೆ ಕಾಲು ಇಟ್ಟುಕೊಂಡೇ ಹೋಗಬೇಕು. ಗಾಜಿಗೆ ಮಂಜು ಕಟ್ಟುತ್ತದೆ, ಎಸಿ ಹಾಕಿದರೆ ಹೋಗುತ್ತದೆ. ಟೈರ್ ಗಾಳಿ ಮಾತ್ರ ಮರೆಯಬೇಡಿ. ಐದೂವರೆ ಡಿಗ್ರಿ ಇಳಿದರೆ ಹತ್ತಿರ ಹತ್ತಿರ 1 ಪಿಎಸ್‌ಐ ಕಮ್ಮಿಯಾಗುತ್ತದೆ.

ಆದರೂ ಚಳಿಯ ಬಗ್ಗೆ ಇನ್ನೆರಡು ಮಾತು ಹೇಳಬೇಕು. "ಥಂಡಿಗೆ ಬ್ಯಾಟರಿ ಸಾಯ್ತದಂತಲ್ರಿ?" ಅಂತ ಎಲ್ಲರೂ ಕೇಳುತ್ತಾರೆ. ಷಿಕಾಗೋದಲ್ಲಿ 2024ರ ಜನವರಿಯಲ್ಲಿ ಚಾರ್ಜಿಂಗ್ ಸ್ಟೇಷನ್ ಮುಂದೆ ಕಾರುಗಳು ಸಾಲುಗಟ್ಟಿ ನಿಂತ ವಿಡಿಯೋ ತುಂಬಾ ಜನ ನೋಡಿದ್ದಾರೆ. ಅಲ್ಲಿ ಆಗಿದ್ದು ಇಷ್ಟು. ಹೆಪ್ಪುಗಟ್ಟುವ ಚಳಿಯಲ್ಲಿ ಬ್ಯಾಟರಿಗೆ ಜೋರಾಗಿ ಕರೆಂಟ್ ತುಂಬಿದರೆ ಲಿಥಿಯಂ ಒಳಗೆ ಸೇರುವ ಬದಲು ಆನೋಡ್ (ಸೆಲ್‌ನ ಋಣ ತುದಿ) ಮೇಲೆ ಲೋಹವಾಗಿ ಕೂತುಬಿಡುತ್ತದೆ. ಅದು ಬ್ಯಾಟರಿಗೆ ಕೆಡುಕು. ಅದಕ್ಕೇ ಕಾರು ಮೊದಲು ಬ್ಯಾಟರಿಯನ್ನು ಬೆಚ್ಚಗೆ ಮಾಡಿಕೊಂಡು ಆಮೇಲೆ ಚಾರ್ಜ್ ತಗೊಳ್ಳುತ್ತದೆ. ತಣ್ಣನೆ ಬ್ಯಾಟರಿ ಇಟ್ಟುಕೊಂಡು ಬಂದವರಿಗೆ ಹೊತ್ತು ಹಿಡಿಯಿತು, ಹಿಂದಿನವರು ಕಾಯಬೇಕಾಯಿತು. ಅದರ ಮೇಲೆ ಹೀಟರ್ ಖರ್ಚು ಬೇರೆ. ಪೆಟ್ರೋಲ್ ಎಂಜಿನ್ ಹೇಗೂ ಬಿಸಿ ಉಗುಳುತ್ತದೆ, ಅಲ್ಲಿ ಹೀಟರ್ ಪುಕ್ಕಟೆ. ಎಲೆಕ್ಟ್ರಿಕ್ ಕಾರಿನಲ್ಲಿ ಆ ಬಿಸಿಯನ್ನೂ ಬ್ಯಾಟರಿಯಿಂದಲೇ ಮಾಡಬೇಕು. ಅಮೆರಿಕದ ವಾಹನ ಸವಾರರ ಸಂಘ ಎಎಎ 2019ರಲ್ಲಿ ಐದು ಕಾರುಗಳನ್ನು ಪರೀಕ್ಷಿಸಿತ್ತು. ಮೈನಸ್ 7 ಡಿಗ್ರಿ ಹತ್ತಿರ ಹೀಟರ್ ಹಾಕಿ ಓಡಿಸಿದಾಗ ರೇಂಜ್ ಸರಾಸರಿ 41 ಶೇಕಡಾ ಇಳಿದಿತ್ತು. 35 ಡಿಗ್ರಿಯಲ್ಲಿ ಎಸಿ ಹಾಕಿದಾಗ ಇಳಿದದ್ದು 17 ಶೇಕಡಾ. ಇಷ್ಟಾದರೂ ನಾರ್ವೆಯಲ್ಲಿ 2024ರಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ಹತ್ತಕ್ಕೆ ಒಂಬತ್ತರ ಹತ್ತಿರ ಪೂರ್ತಿ ಎಲೆಕ್ಟ್ರಿಕ್. ಬೀದರ್ ಚಳಿಗೆ ಹೆದರುವ ಕಾರಣವೇ ಇಲ್ಲ.

ಈ 17 ಶೇಕಡಾ ನೋಡಿ "ಹಾಗಾದರೆ ಬಿಸಿಲಿಗೆ ಅಷ್ಟೇನೂ ತೊಂದರೆ ಇಲ್ಲ ಬಿಡು" ಅಂದುಕೊಳ್ಳಬಹುದು. ರೇಂಜ್ ಮಟ್ಟಿಗೆ ಅದು ನಿಜ. ಎರಡೂ ಕಾರು ಮೇ ತಿಂಗಳಲ್ಲಿ ಎಸಿ ಹಾಕಿಕೊಂಡು ಬೀದರ್‌ನಿಂದ ಕಲಬುರಗಿಗೆ ಆರಾಮಾಗಿ ತಲುಪುತ್ತವೆ. ಭಾವನ ಕಾರಿನಲ್ಲಂತೂ ಇನ್ನೂ ಜಾಸ್ತಿ ಉಳಿದಿರುತ್ತದೆ. ತೊಂದರೆ ಶುರುವಾಗೋದು ಅಲ್ಲಿ ನಿಂತು ಚಾರ್ಜ್ ಹಾಕಿದಾಗ.

ಮಧ್ಯಾಹ್ನ ಒಂದೂವರೆ, ಎರಡು ಗಂಟೆ. ಹೊರಗೆ 42, 43 ಡಿಗ್ರಿ. ಹೈವೇ ಮೇಲೆ ಓಡಿಬಂದ ಬ್ಯಾಟರಿ ಆಗಲೇ ಬಿಸಿ. ಭಾವನ ಕಾರನ್ನು ಫಾಸ್ಟ್ ಚಾರ್ಜರ್‌ಗೆ ಹಾಕುತ್ತೇವೆ. ಮಶೀನ್ ಮೇಲೆ 30 ಕಿಲೋವ್ಯಾಟ್ ಅಂತ ಬರೆದಿದೆ. ಶುರುವಿನಲ್ಲಿ ಚೆನ್ನಾಗಿಯೇ ಹೋಗುತ್ತದೆ. ಸ್ವಲ್ಪ ಹೊತ್ತಿಗೆ ಅರ್ಧಕ್ಕೆ ಬರುತ್ತದೆ. ಆಮೇಲೆ ಒಂದಂಕಿಗೆ ಇಳಿದು ಅಲ್ಲೇ ನಿಂತುಬಿಡುತ್ತದೆ. ಊಟ ಮಾಡಿ ಬಂದರೂ ಅಷ್ಟೇ, ಚಹಾ ಕುಡಿದು ಬಂದರೂ ಅಷ್ಟೇ. ಹಿಂದೆ ನಿಂತ ಟ್ಯಾಕ್ಸಿಯವನು ಬಂದು "ಅಣ್ಣಾ, ಇನ್ನಾ ಎಷ್ಟೊತ್ತು ಆಗ್ತದ್ರಿ?" ಅಂತ ಕೇಳುತ್ತಾನೆ. ಮೊದಲ ಸಲ ನಾವು ಮಶೀನನ್ನೇ ಅನುಮಾನಿಸಿ ಅಲ್ಲಿದ್ದ ಹುಡುಗನನ್ನು ಕರೆದು ತೋರಿಸಿದ್ದೆವು. "ಮಶೀನ್ ಛಲೋ ಅದರಿ, ನಿಮ್ಮ ಗಾಡೀನೇ ತಗೋವಲ್ದು" ಅಂದ. ಅವನು ಹೇಳಿದ್ದು ಸರಿ. ಅದೇ ಚಾರ್ಜರ್ ಗನ್, ಅದೇ ಬಿಸಿಲಿನ ಹೊತ್ತು, ನನ್ನ ಕಾರಿಗೆ ಹಾಕಿದಾಗ ಕಾರಿನ ಫ್ಯಾನು, ಎಸಿ ಕಂಪ್ರೆಸರ್ ಗುಂಯ್ ಅಂತ ಶುರುವಾಗುತ್ತವೆ, ಚಾರ್ಜಿಂಗ್ 80 ಶೇಕಡಾವರೆಗೆ ಹೆಚ್ಚು ಕಮ್ಮಿಯಾಗದೆ ಹೋಗುತ್ತದೆ.

ಯಾಕೆ ಹೀಗೆ ಅನ್ನೋದು ತಿಳಿದುಕೊಂಡರೆ ಯಾವ ಕಾರು ಬೇಕು ಅನ್ನೋದೂ ತಿಳಿಯುತ್ತದೆ. ಜೋರಾಗಿ ಚಾರ್ಜ್ ಮಾಡಿದರೆ ಸೆಲ್‌ಗಳು ಬಿಸಿಯಾಗುತ್ತವೆ, ಕರೆಂಟ್ ಎರಡು ಪಟ್ಟಾದರೆ ಬಿಸಿ ನಾಲ್ಕು ಪಟ್ಟು. ಒಂದು ಮಿತಿ ದಾಟಿದರೆ ಒಳಗಿನ ಬಿಎಂಎಸ್, ಅಂದರೆ ಬ್ಯಾಟರಿಯನ್ನು ನೋಡಿಕೊಳ್ಳುವ ಎಲೆಕ್ಟ್ರಾನಿಕ್ ವ್ಯವಸ್ಥೆ, ಬ್ಯಾಟರಿ ಕಾಪಾಡಲಿಕ್ಕೆ ಕರೆಂಟ್ ಇಳಿಸುತ್ತದೆ. ಆಮೇಲೆ ಬ್ಯಾಟರಿ ತಣ್ಣಗಾಗಬೇಕು. ಗಾಳಿಯನ್ನೇ ನಂಬಿದ ಕಾರಿನಲ್ಲಿ ಅದು ಹೇಗೆ ಆಗಬೇಕು? 42 ಡಿಗ್ರಿ ಗಾಳಿ ಯಾವ ವಸ್ತುವನ್ನೂ 42ಕ್ಕಿಂತ ಕೆಳಗೆ ತಂಪು ಮಾಡಲಾರದು. ಬ್ಯಾಟರಿ ಇರೋದು ಕಾರಿನ ತಳದಲ್ಲಿ, ಅದರ ಕೆಳಗೆ ಕಾದ ಡಾಂಬರು. ನೀರು ಹಾಕದ ಕೂಲರ್ ಮೇ ತಿಂಗಳಲ್ಲಿ ಬಿಸಿ ಗಾಳಿಯನ್ನೇ ತಾನೇ ಮುಖಕ್ಕೆ ಹೊಡೆಯೋದು! ನನ್ನ ಕಾರಿನಲ್ಲಿ ಕೂಲೆಂಟನ್ನು ಎಸಿಯ ಗ್ಯಾಸ್ ತಂಪು ಮಾಡುತ್ತದೆ, ಅದಕ್ಕೆ ಚಿಲ್ಲರ್ ಅನ್ನುತ್ತಾರೆ. ಹೊರಗೆ 43 ಇದ್ದರೂ ಬ್ಯಾಟರಿಯನ್ನು ಅದಕ್ಕಿಂತ ಕೆಳಗೆ ಇಳಿಸಲಿಕ್ಕೆ ಆಗುವುದು ಈ ಚಿಲ್ಲರ್‌ನಿಂದಲೇ. ಹಾಗಾಗಿ ಶೋರೂಮ್‌ನಲ್ಲಿ "ಲಿಕ್ವಿಡ್ ಕೂಲಿಂಗ್ ಇದೆ ಸಾರ್" ಅಂದರೆ ಅಲ್ಲಿಗೇ ಬಿಡಬೇಡಿ, ಚಿಲ್ಲರ್ ಇದೆಯಾ ಅಂತಲೂ ಕೇಳಿ. ಬರೀ ರೇಡಿಯೇಟರ್ ಇದ್ದರೆ ಅದೂ ಹೊರಗಿನ ಗಾಳಿಯನ್ನೇ ನಂಬಿದ ಹಾಗೆ.

ಭಾವನ ಕಾರಿಗೆ ನಾವು ಮಾಡದ ಉಪಾಯ ಇಲ್ಲ. ಬೇವಿನ ಮರದ ಕೆಳಗೆ ನಿಲ್ಲಿಸಿ ಕಾದು ಚಾರ್ಜ್ ಹಾಕಿದೆವು. ಹೈವೇಯಲ್ಲಿ 60ರ ಮೇಲೆ ಹೋಗದೆ ಬಂದು ನೋಡಿದೆವು. ಸ್ವಲ್ಪ ಉಪಯೋಗ ಆಯಿತು, ಆದರೆ ಆ ತಳದ ಬಿಸಿ ಸಂಜೆ ಕಳೆದರೂ ಇಳಿಯುವುದಿಲ್ಲ. ಕೊನೆಗೆ ಫಲ ಕೊಟ್ಟದ್ದು ಒಂದೇ: ರಾತ್ರಿ ಅಕ್ಕನ ಮನೆಯಲ್ಲೇ ಉಳಿದು, 15 ಆಂಪಿಯರ್ ಸಾಕೆಟ್‌ಗೆ ನಿಧಾನವಾಗಿ ಹಾಕಿ, ಬೆಳಿಗ್ಗೆ ಐದೂವರೆಗೆ ಹೊರಡುವುದು. ಅಕ್ಕನಿಗೆ ಖುಷಿ, ನನ್ನ ಕೆಲಸ ಮಾತ್ರ ಒಂದು ದಿನ ಹಿಂದೆ. ಒಂದೇ ದಿನದಲ್ಲಿ ಹೋಗಿ ಬರಬೇಕಾದವನಿಗೆ ಇದು ಆಗುವ ಮಾತಲ್ಲ.

ಇದು ನಮ್ಮೂರಿನದೇ ಹೊಸ ತೊಂದರೆ ಅಂತೇನೂ ಇಲ್ಲ. ನಿಸಾನ್ ಲೀಫ್ ಕಾರಿಗೂ ಲಿಕ್ವಿಡ್ ಕೂಲಿಂಗ್ ಇರಲಿಲ್ಲ. ಅಮೆರಿಕದ ಅರಿಜೋನಾದಲ್ಲಿ, ಫೀನಿಕ್ಸ್‌ನಂಥ ಸುಡುವ ಊರುಗಳಲ್ಲಿ, ಅದರ ಬ್ಯಾಟರಿ ಬೇಗ ಕುಗ್ಗುತ್ತಿದೆ ಅಂತ 2012ರಲ್ಲೇ ಮಾಲೀಕರು ದೂರಿದ್ದರು. ಮುಂದೆ ಕಂಪನಿ ಬಿಸಿ ತಡೆಯುವ ಹೊಸ ಬ್ಯಾಟರಿ ತಂದಿತು. 2018ರ ಸುಮಾರಿಗೆ ಬಂದ ಮಾದರಿಯಲ್ಲಿ ಒಂದೇ ದಿನ ಎರಡನೇ ಸಲ ಫಾಸ್ಟ್ ಚಾರ್ಜ್ ಹಾಕಿದರೆ ವೇಗ ತೀರಾ ಇಳಿಯುತ್ತದೆ ಅಂತ ಯುರೋಪಿನಲ್ಲೂ ಗಲಾಟೆ ಆಗಿತ್ತು. ಷಿಕಾಗೋ ಸಾಲಿಗೂ ಕಲಬುರಗಿ ಸಾಲಿಗೂ ಕಾರಣ ಒಂದೇ ಮೂಲದ್ದು. ತನಗೆ ಹಿತವಾದ ಉಷ್ಣತೆ ದಾಟಿದರೆ, ಆ ಕಡೆಗಾಗಲಿ ಈ ಕಡೆಗಾಗಲಿ, ಬ್ಯಾಟರಿ ಕರೆಂಟ್ ತಗೊಳ್ಳುವುದಿಲ್ಲ.

ಈಗ ನನ್ನ ಕಾರಿನ ಕೊರತೆಗಳು. ತಂಪು ಮಾಡಲಿಕ್ಕೂ ಕರೆಂಟ್ ಬೇಕು, ಬಿಸಿಲಿನಲ್ಲಿ ಚಾರ್ಜ್ ಹಾಕಿದರೆ ಒಂದಿಷ್ಟು ಯೂನಿಟ್ ಅದಕ್ಕೇ ಹೋಗುತ್ತದೆ. ಕೂಲೆಂಟ್ ನೋಡಿಸಬೇಕು. ರಾತ್ರಿ ಫ್ಯಾನ್ ಸದ್ದಿಗೆ ಪಕ್ಕದ ಮನೆಯ ಅಜ್ಜಿ ಎದ್ದು ಕೇಳಿದ್ದಾರೆ. ಬ್ಯಾಟರಿ ಚಿಕ್ಕದು, ಹೈದರಾಬಾದ್‌ಗೆ ಹೊರಟರೆ ದಾರಿಯಲ್ಲಿ ನಿಲ್ಲಬೇಕಾಗುತ್ತದೆ. ಭಾವನ ಕಾರು ನಿಲ್ಲದೆ ತಲುಪುತ್ತದೆ.

ಎರಡಕ್ಕೂ ಸಮಾನವಾಗಿ ಕಾಡಿದ್ದು ಅರ್ಥಿಂಗ್. ಕಾರಿನ ಚಾರ್ಜರ್ ಅರ್ಥಿಂಗ್ ಸರಿ ಇಲ್ಲದಿದ್ದರೆ ಕೆಂಪು ದೀಪ ತೋರಿಸಿ ಕೂತುಬಿಡುತ್ತದೆ. ಚಳಿಗಾಲದವರೆಗೆ ಚೆನ್ನಾಗಿದ್ದದ್ದು ಏಪ್ರಿಲ್ ಬರುವಷ್ಟರಲ್ಲಿ ಕೈಕೊಡುತ್ತದೆ, ಯಾಕೆಂದರೆ ನೆಲ ಒಣಗಿದರೆ ಅರ್ಥ್ ಹಿಡಿಯುವುದಿಲ್ಲ. ಬೀದರ್‌ನ ಕೆಂಪು ಮುರ ಕಲ್ಲಿನ ನೆಲದಲ್ಲಿ ನೀರು ನಿಲ್ಲುವುದೇ ಇಲ್ಲ. ಕಲಬುರಗಿಯ ಕರಿ ಎರೆ ಮಣ್ಣು ಬೇಸಿಗೆಯಲ್ಲಿ ಬಿರುಕು ಬಿಟ್ಟು ರಾಡ್‌ನಿಂದ ದೂರ ಸರಿಯುತ್ತದೆ. ಒಳ್ಳೆಯ ಎಲೆಕ್ಟ್ರಿಷಿಯನ್ ಕರೆದು ಕಾರಿಗೇ ಬೇರೆ ಅರ್ಥ್ ಪಿಟ್ ಹಾಕಿಸಿ, ಬೇಸಿಗೆಯಲ್ಲಿ ಅದಕ್ಕೆ ಆಗಾಗ ಒಂದು ಕೊಡ ನೀರು ಹಾಕಿ. ಕೆಂಪು ದೀಪ ಬಂತು ಅಂತ ಅರ್ಥ್ ಪಿನ್ ಇಲ್ಲದ ಅಡಾಪ್ಟರ್ ಹಾಕಿಕೊಡುವವರೂ ಇದ್ದಾರೆ. ದಯವಿಟ್ಟು ಬೇಡ. ಮಕ್ಕಳು ಕಾರು ಮುಟ್ಟುತ್ತಾರೆ.

ಬಿಲ್ಲಿನ ವಿಷಯ. ಗೃಹಜ್ಯೋತಿ ಇರುವ ಮನೆಯಲ್ಲಿ ಲೆಕ್ಕ ಹಾಕಿಯೇ ಕಾರು ತನ್ನಿ. ತಿಂಗಳಿಗೆ 200 ಯೂನಿಟ್ ದಾಟಿದರೆ ಆ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು. 24 ಕಿಲೋವ್ಯಾಟ್ ಅವರ್ ಬ್ಯಾಟರಿ ತುಂಬಲಿಕ್ಕೆ, ನಷ್ಟ ಸೇರಿಸಿ, 27 ಯೂನಿಟ್ ಆದರೂ ಹೋಗುತ್ತದೆ. ಎಂಟು ಸಲ ಪೂರ್ತಿ ತುಂಬಿದರೆ ಕಾರಿನದೇ 200 ಆಯಿತು. ಹಾಗಾದರೂ ನನ್ನ ಓಡಾಟಕ್ಕೆ ಹಳೆ ಡೀಸೆಲ್ ಕಾರಿಗೆ ಹೋಲಿಸಿದರೆ ತುಂಬಾ ಉಳಿತಾಯ, ಅದರಲ್ಲಿ ಎರಡು ಮಾತಿಲ್ಲ.

ಯಾರಿಗೆ ಯಾವುದು? ಭಾವ ಕಲಬುರಗಿ ಬಿಟ್ಟು ಹೋಗುವುದು ಅಪರೂಪ. ಸೂಪರ್ ಮಾರ್ಕೆಟ್, ಸೇಡಂ ರೋಡು, ಮಕ್ಕಳ ಶಾಲೆ, ರಾತ್ರಿ ಮನೆಯಲ್ಲಿ ಚಾರ್ಜು. ಅವರಿಗೆ ಆ ಕಾರು ಒಪ್ಪುತ್ತದೆ. ಮನೆ ಸಾಕೆಟ್‌ನಿಂದ ನಿಧಾನವಾಗಿ ಹಾಕಿದರೆ ಅಷ್ಟು ಬಿಸಿಯೂ ಆಗುವುದಿಲ್ಲ. "ನನಗೆ ಇದೇ ಛಲೋ ಅದ ತಮ್ಮಾ, ಮೂರು ಜನ ಹಿಂದ ಆರಾಮ ಕೂಡ್ತಾರ" ಅನ್ನುತ್ತಾರೆ, ಅದೂ ನಿಜ, ಅದರಲ್ಲಿ ಜಾಗ ಜಾಸ್ತಿ. ನೆರಳಿನಲ್ಲಿ ನಿಲ್ಲಿಸಿ, ಬಿಸಿ ಬ್ಯಾಟರಿಯನ್ನು ನೂರಕ್ಕೆ ತುಂಬಿ ಬಿಸಿಲಿನಲ್ಲಿ ಬಿಡಬೇಡಿ ಅಂತ ಮಾತ್ರ ನಾನು ಹೇಳುತ್ತಿರುತ್ತೇನೆ, ಆ ಎರಡು ಸೇರಿದರೆ ಬ್ಯಾಟರಿ ಬೇಗ ಹಳತಾಗುತ್ತದೆ. ನನ್ನಂತೆ ಎರಡು ಜಿಲ್ಲೆ ನಡುವೆ ಬೇಸಿಗೆಯಲ್ಲೂ ಓಡುವವರು, ಮಧ್ಯಾಹ್ನ ಚಾರ್ಜ್ ಹಾಕಲೇಬೇಕಾದವರು, ಬಜೆಟ್ ಸ್ವಲ್ಪ ಎಳೆದಾದರೂ ಕೂಲೆಂಟ್ ಇರುವುದನ್ನೇ ತಗೊಳ್ಳಿ. ಸನ್‌ರೂಫ್, ದೊಡ್ಡ ಸ್ಕ್ರೀನು, ಇನ್ನೊಂದು ಮಾಡೆಲ್ ಮೇಲೆ ಅಂತ ಕೊಡುವ ದುಡ್ಡನ್ನು ಇದಕ್ಕೆ ಹಾಕಿ.

ಇನ್ನೊಂದು. ಟೆಸ್ಟ್ ಡ್ರೈವ್ ಸಂಜೆ ಕೊಡುತ್ತೇವೆ ಅಂದರೆ ಒಪ್ಪಬೇಡಿ. ಏಪ್ರಿಲ್ ಅಥವಾ ಮೇ ತಿಂಗಳಲ್ಲಿ, ಮಧ್ಯಾಹ್ನದ ಹೊತ್ತು, ಹೈವೇ ಮೇಲೆ ಸ್ವಲ್ಪ ದೂರ ಓಡಿಸಿ ಬಂದು ಅವರ ಎದುರಿಗೇ ಫಾಸ್ಟ್ ಚಾರ್ಜರ್‌ಗೆ ಹಾಕಿಸಿ. ಮಶೀನ್ ಸ್ಕ್ರೀನ್ ಮೇಲೆ ಕಿಲೋವ್ಯಾಟ್ ಅಂಕಿ ಬರುತ್ತಿರುತ್ತದೆ. ಅರ್ಧ ಗಂಟೆ ಅಲ್ಲೇ ನಿಂತು ಆ ಅಂಕಿ ನೋಡಿ, ಆಮೇಲೆ ಬುಕಿಂಗ್ ಮಾತಾಡಿ.