ಕೂಲಿ: ಬೆಲೆ ಸೂಚ್ಯಂಕಕ್ಕೆ ಕಟ್ಟಬೇಕೋ, ಬುಟ್ಟಿ ಲೆಕ್ಕಕ್ಕೋ?

ಕೂಲಿಯನ್ನು ಬೆಲೆ ಸೂಚ್ಯಂಕಕ್ಕೆ (ದಿನಬಳಕೆಯ ವಸ್ತುಗಳ ಬೆಲೆ ಎಷ್ಟು ಏರಿತೆಂದು ತೋರಿಸುವ ಅಂಕಿ) ಕಟ್ಟುವುದೋ, ಕುಟುಂಬಕ್ಕೆ ಬೇಕಾದ ವಸ್ತುಗಳ ಬುಟ್ಟಿಗೆ ತಗಲುವ ಖರ್ಚಿನಿಂದ ಲೆಕ್ಕ ಹಾಕುವುದೋ, ಶಿರಸಿಯ ನಿಮ್ಮ ಅಡಿಕೆ ಘಟಕಕ್ಕೆ ಯಾವುದು ಸರಿ ಎಂದು ಕೇಳಿದ್ದೀರಿ. ಸರ್ಕಾರದ ಕನಿಷ್ಠ ದರ ಹೇಗೂ ಕೊಡಲೇಬೇಕು. ಪ್ರಶ್ನೆ ಅದಕ್ಕಿಂತ ಹೆಚ್ಚಿಗೆ ಕೊಡುವುದರದು.

ಲೆಕ್ಕಕ್ಕೆ ಸೂಚ್ಯಂಕವೇ ಸುಲಭ: ಅಂಕಿ ಏರಿದಷ್ಟು ತುಟ್ಟಿಭತ್ಯೆ, ವರ್ಷವರ್ಷದ ಜಗ್ಗಾಟ ಇಲ್ಲ. ಆದರೆ ಮೂಲ ಕೂಲಿಯೇ ಕಡಿಮೆಯಿದ್ದರೆ ಅದು ಆ ಕೊರತೆಯನ್ನೇ ಮುಂದಕ್ಕೆ ಒಯ್ಯುತ್ತದೆ. ಜೂನ್-ಜುಲೈಯ ಮೀನುಗಾರಿಕೆ ನಿಷೇಧದಲ್ಲಿ ಕಾರವಾರ ಪೇಟೆಯ ಬಂಗಡೆಗೆ ಎಷ್ಟು ಕೊಡಬೇಕಾಗುತ್ತದೆ ಎಂಬುದು ಅದಕ್ಕೆ ಕಾಣುವುದಿಲ್ಲ.

ಬುಟ್ಟಿ ಲೆಕ್ಕ 1957ರ ಭಾರತೀಯ ಕಾರ್ಮಿಕ ಸಮ್ಮೇಳನದ್ದು: ಮೂರು ವಯಸ್ಕರ ಲೆಕ್ಕದ ಕುಟುಂಬ, ದಿನಕ್ಕೆ ತಲೆಗೆ 2,700 ಕ್ಯಾಲೊರಿ, ಬಟ್ಟೆ, ಬಾಡಿಗೆ. 1991ರಲ್ಲಿ ಸುಪ್ರೀಂ ಕೋರ್ಟ್ ಶಿಕ್ಷಣ, ಔಷಧಿಗಳನ್ನೂ ಸೇರಿಸಿತು. ಲೆಕ್ಕ ಹಾಕಲು ಶ್ರಮ ಹೆಚ್ಚು, ಆದರೆ ನನಗೆ ಇದೇ ನ್ಯಾಯವಾಗಿ ಕಾಣುತ್ತದೆ.

ವರ್ಷವಿಡೀ ದುಡಿಯುವವರಿಗೆ ಮೊದಲು ಬುಟ್ಟಿಯಿಂದ ಮೂಲ ಕೂಲಿ ಕಟ್ಟಿ, ಆಮೇಲೆ ಸೂಚ್ಯಂಕ ಜೋಡಿಸಿ. ಸುಗ್ಗಿಗಷ್ಟೇ ಬಂದು ಅಡಿಕೆ ಸುಲಿಯುವವರಿಗೆ ಆ ವರ್ಷದ ದರ ಮೊದಲೇ ಮಾತಾಡಿದರೆ ಸಾಕು.